ಆಕೆಯ ಮಾತೊಂದೇ ಸಾಕ್ಷ್ಯ: ಬಾಗಲಕೋಟೆ ಜಿಲ್ಲೆಯ ಪ್ರಕರಣವೊಂದನ್ನು ಮೇಲ್ಮನವಿ ನ್ಯಾಯಾಲಯ ತೂಗಿದ ಬಗೆ

ಅತ್ಯಾಚಾರ ಪ್ರಕರಣದಲ್ಲಿ ಸಂತ್ರಸ್ತೆಯ ಸಾಕ್ಷ್ಯ ಒಂದೇ ಇದ್ದರೂ ಶಿಕ್ಷೆ ವಿಧಿಸಬಹುದು ಎಂಬ ಮಾತು ಕಾನೂನು ಓದಿದವರಿಗೆಲ್ಲ ಬಾಯಿಪಾಠ. ಆ ಮಾತು ಕಡತದೊಳಗೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಲಸಕ್ಕೆ ಬಾರದೆ ನಿಲ್ಲುತ್ತದೆ ಎಂಬುದು ಒಂದು ಪ್ರಕರಣವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದಾಗಲೇ ತಿಳಿಯುವುದು. ಇಲ್ಲಿ ಹೇಳುತ್ತಿರುವ ಪ್ರಕರಣದಲ್ಲಿ ಒಬ್ಬ ಹೆಣ್ಣುಮಗಳ ಒಂದೇ ಸಾಕ್ಷ್ಯವನ್ನು ಹೈಕೋರ್ಟ್ ಒಬ್ಬ ಆರೋಪಿಯ ಮಟ್ಟಿಗೆ ಪೂರ್ತಿ ನಂಬಿತು, ಇನ್ನೊಬ್ಬನ ಮಟ್ಟಿಗೆ ಸಾಲದು ಎಂದಿತು. ಆ ಗೆರೆ ಎಲ್ಲಿ ಬಿತ್ತು, ಯಾಕೆ ಅಲ್ಲಿಯೇ ಬಿತ್ತು ಎಂಬುದು ಈ ಬರಹದ ವಿಷಯ.

ಮೇಲ್ಮನವಿಯ ಹಂತದಲ್ಲಿ ಸರ್ಕಾರಿ ಅಭಿಯೋಜಕರಿಗೆ ನೆರವಾಗಲು ಆಕೆಯ ಪರವಾಗಿ ನಿಂತ ವಕೀಲೆ ನಾನು. ಊರು, ಕಾಲ, ಕೆಲವು ಸಂಬಂಧಗಳು ಮತ್ತು ಘಟನೆಯ ಹೊರ ವಿವರಗಳನ್ನು ಬದಲಿಸಿದ್ದೇನೆ. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಭಾರತೀಯ ದಂಡ ಸಂಹಿತೆಯ 228ಎ ಕಲಂ ಪ್ರಕಾರ ಅಪರಾಧವಾಗಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅದನ್ನೇ ಹೇಳುತ್ತದೆ. ಹೆಸರು ಮುಚ್ಚಿಟ್ಟರೆ ಸಾಲದು, ಗುರುತು ಹಿಡಿಯಲು ನೆರವಾಗುವ ಯಾವ ವಿವರವೂ ಹೊರಬೀಳಬಾರದು ಎಂದು ಸುಪ್ರೀಂ ಕೋರ್ಟ್ 2018ರ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಹೇಳಿದೆ. ಘಟನೆ ನಡೆದದ್ದು ಅತ್ಯಾಚಾರದ ಶಿಕ್ಷೆ ಹೆಚ್ಚಿಸಿದ 2018ರ ತಿದ್ದುಪಡಿಯ ನಂತರ, 2024ರ ಜುಲೈ 1ರಂದು ಹೊಸ ಕಾನೂನುಗಳು ಜಾರಿಗೆ ಬರುವ ಮೊದಲು. ಹಾಗಾಗಿ ಮುಂದೆ ಹಳೆಯ ಕಲಂಗಳ ಸಂಖ್ಯೆಯನ್ನೇ ಬಳಸುತ್ತೇನೆ.

ಹಿನ್ನೆಲೆ

ಜಿಲ್ಲೆಯ ನೇಕಾರಿಕೆ ಎಂದಾಗ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳು ನೆನಪಾಗುತ್ತವೆ. ಮಗ್ಗದ ಹಿಂದಿನ ಕೂಲಿ ಕೆಲಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಸ್ವಂತ ಮಗ್ಗವಿಲ್ಲದ ಮನೆಗಳ ಹೆಂಗಸರು ಮಾಲೀಕರಿಂದ ನೂಲು ತಂದು, ಮನೆಯಲ್ಲಿ ಕಂಡಿಕೆ (ಮಗ್ಗಕ್ಕೆ ಬೇಕಾದ ನೂಲಿನ ಸುರುಳಿ) ಸುತ್ತಿ ಕೊಟ್ಟು ಕೂಲಿ ಪಡೆಯುತ್ತಾರೆ. ಮಗುವಿನ ಕಾಯಿಲೆಗೋ ನಾದಿನಿಯ ಮದುವೆಗೋ ಅದೇ ಮಾಲೀಕನಿಂದ ಮುಂಗಡ ಪಡೆದಿರುತ್ತಾರೆ. ವಾರದ ಕೂಲಿಯಲ್ಲಿ ಅದನ್ನು ಮುರಿದುಕೊಳ್ಳಲಾಗುತ್ತದೆ. ತೀರುವ ಹೊತ್ತಿಗೆ ಇನ್ನೊಂದು ಮುಂಗಡ ತಲೆಯ ಮೇಲೆ ಬಂದಿರುತ್ತದೆ. ಈ ಬಾಕಿಯ ಸಂಬಂಧ ಅರ್ಥವಾಗದೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಆಕೆಗೆ ಮೂವತ್ತರ ಆಸುಪಾಸು. ಗಂಡ ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗದಲ್ಲಿ ದುಡಿಯುತ್ತಿದ್ದ, ಹಬ್ಬಕ್ಕೆ, ಅಮಾವಾಸ್ಯೆಗೆ ಬಂದು ಹೋಗುತ್ತಿದ್ದ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಒಂದನೇ ಆರೋಪಿ ಮಗ್ಗಗಳ ಮಾಲೀಕ. ಎರಡನೆಯವನು ಅವನ ಕೈಕೆಳಗಿನ ಕೆಲಸಗಾರ. ಒಂದು ಮಧ್ಯಾಹ್ನ ಆಕೆ ಸುತ್ತಿದ ಕಂಡಿಕೆ ಒಪ್ಪಿಸಿ ನೂಲು ತರಲು ಮಗ್ಗದ ಶೆಡ್ಡಿಗೆ ಹೋದಳು. ಶೆಡ್ಡಿನ ಹಿಂದಿನ ನೂಲಿನ ಕೋಣೆಯಲ್ಲಿ ಮಾಲೀಕ ಅತ್ಯಾಚಾರ ಎಸಗಿದ ಎಂಬುದು ಆಕೆಯ ದೂರು. ಕೂಗಿದೆ, ಮಗ್ಗಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ ಎಂದಳು. ಸಂಜೆ ಅತ್ತೆಗೆ ಹೇಳಿದಳು. ಅತ್ತೆ ಸ್ನಾನ ಮಾಡಿಸಿದಳು, ಸೀರೆ ಒಗೆದು ಹಾಕಿದಳು, ಮಗ ಬರುವವರೆಗೆ ಬಾಯಿ ಬಿಡಬೇಡ ಎಂದಳು. ಮೂರನೆಯ ದಿನ ಗಂಡ ಬಂದ ಮೇಲೆ ಠಾಣೆಗೆ ಹೋದರು.

ಇಷ್ಟು ಹೇಳಿದ ಮೇಲೆ ಪ್ರಾಸಿಕ್ಯೂಷನ್ ಕೈಯಲ್ಲಿ ಏನು ಉಳಿದಿರಬಹುದು ಎಂದು ವಕೀಲರಲ್ಲದವರೂ ಊಹಿಸಬಹುದು. ವೈದ್ಯಕೀಯ ಪರೀಕ್ಷೆಯಲ್ಲಿ ಗಾಯವಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ ವರದಿಯಲ್ಲಿ ಏನೂ ಪತ್ತೆಯಾಗಲಿಲ್ಲ. ಮುದ್ದೆಮಾಲಾಗಿ, ಅಂದರೆ ವಶಪಡಿಸಿಕೊಂಡ ವಸ್ತುವಾಗಿ, ಇದ್ದದ್ದು ಒಗೆದ ಸೀರೆ.

ಸೆಷನ್ಸ್ ನ್ಯಾಯಾಲಯದಲ್ಲಿ

ಮಾಲೀಕನ ಮೇಲೆ ದಂಡ ಸಂಹಿತೆಯ ಅತ್ಯಾಚಾರದ ಕಲಂ 376(1), ಕೆಲಸಗಾರನ ಮೇಲೆ ಅದಕ್ಕೆ ಕುಮ್ಮಕ್ಕು ಕೊಟ್ಟ 109ನೇ ಕಲಮಿನ ಆರೋಪ ಹೊರಿಸಲಾಯಿತು. ಇಲ್ಲಿ ಒಂದು ಅವಕಾಶ ತಪ್ಪಿಹೋಯಿತು. ಹೆಣ್ಣಿನ ಮೇಲೆ ಹಿಡಿತ ಅಥವಾ ಪ್ರಾಬಲ್ಯದ ಸ್ಥಾನದಲ್ಲಿ ಇರುವವನು ಎಸಗುವ ಅತ್ಯಾಚಾರಕ್ಕೆ 2013ರ ತಿದ್ದುಪಡಿ 376(2)(ಕೆ) ಎಂಬ ಪ್ರತ್ಯೇಕ ಖಂಡವನ್ನು ತಂದಿದೆ. ಆ ಖಂಡದಡಿ ಆರೋಪ ಹೊರಿಸಿದ್ದರೆ ಸಾಕ್ಷ್ಯ ಅಧಿನಿಯಮದ 114ಎ ಕಲಂ ಅನ್ವಯವಾಗುತ್ತಿತ್ತು. ಲೈಂಗಿಕ ಸಂಪರ್ಕ ರುಜುವಾತಾಗಿ, ಒಪ್ಪಿಗೆ ಇರಲಿಲ್ಲವೆಂದು ಆಕೆ ಸಾಕ್ಷ್ಯ ನುಡಿದರೆ, ಒಪ್ಪಿಗೆ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು ಎನ್ನುವ ಕಲಂ ಅದು. ಮುಂಗಡದ ಬಾಕಿಯಿಂದ ಕಟ್ಟಿಹಾಕಲಾದ ಕೂಲಿಯ ಹೆಣ್ಣುಮಗಳಿಗೆ ಮಾಲೀಕನೇ ಪ್ರಬಲನಲ್ಲದೆ ಇನ್ಯಾರು? ಆದರೆ ದೋಷಾರೋಪ ಪಟ್ಟಿಯಲ್ಲಿ ಆ ಖಂಡ ಇರಲಿಲ್ಲ, ಆರೋಪ ಬದಲಿಸಿ ಎಂದು ಯಾರೂ ಅರ್ಜಿ ಹಾಕಲಿಲ್ಲ.

ವಿಚಾರಣೆ ಗೋಪ್ಯವಾಗಿ ನಡೆಯಿತು. ಆಕೆಯ ಮುಖ್ಯ ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಪಾಟೀಸವಾಲಿಗೆ ಆರೋಪಿ ಪರ ವಕೀಲರು ಕಾಲಾವಕಾಶ ಕೇಳಿದರು, ಸಿಕ್ಕಿತು. ಮುಂದಿನ ದಿನಾಂಕದವರೆಗಿನ ಆ ವಾರಗಳಲ್ಲಿ ಓಣಿಯ ಹಿರಿಯರು ಮನೆಗೆ ಬಂದು ಕುಳಿತರು. ಬಾಕಿ ಮನ್ನಾ ಮಾಡಿಸುತ್ತೇವೆ, ಮಕ್ಕಳ ಮುಖ ನೋಡು, ರಾಜಿಯಾಗು ಎಂದರು. ಆಕೆ ಒಪ್ಪಲಿಲ್ಲ, ಅತ್ತೆ ಒಪ್ಪಿದಳು. ಸಾಕ್ಷಿಯ ವಿಚಾರಣೆ ದಿನದಿಂದ ದಿನಕ್ಕೆ ಬಿಡದೆ ನಡೆಯಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ (ಮುಂದೆ ಬರುವ 280, 164, 313, 391, 372, 357ಎ ಕಲಂಗಳೂ ಅದರವೇ) 309ನೇ ಕಲಂ ಹೇಳುವುದು ಯಾಕೆಂದು ತಿಳಿಯಬೇಕಾದವರು ಆ ವಾರಗಳನ್ನು ನೋಡಬೇಕಿತ್ತು.

ಅತ್ತೆ ಸಾಕ್ಷಿಕಟ್ಟೆಯಲ್ಲಿ ಪ್ರತಿಕೂಲಳಾದಳು. ಸೊಸೆ ನನಗೆ ಏನೂ ಹೇಳಲಿಲ್ಲ ಎಂದಳು. ಸರ್ಕಾರಿ ಅಭಿಯೋಜಕರು ಅಲ್ಲಿಗೇ ಬಿಡದೆ ಅನುಮತಿ ಪಡೆದು ಅತ್ತೆಯನ್ನೇ ಪಾಟೀಸವಾಲಿಗೆ ಒಳಪಡಿಸಿದರು. ಅತ್ಯಾಚಾರದ ಬಗ್ಗೆ ಒಂದು ಪ್ರಶ್ನೆಯನ್ನೂ ಹೆಚ್ಚಿಗೆ ಕೇಳಲಿಲ್ಲ. ಅಂದು ಸಂಜೆ ಮನೆಯಲ್ಲಿ ಏನಾಯಿತು ಎಂದಷ್ಟೇ ಕೇಳಿದರು. ಸೊಸೆ ಊಟ ಮಾಡಲಿಲ್ಲ ಎಂದಳು. ಹೊತ್ತು ಮುಳುಗಿದ ಮೇಲೆ ಸ್ನಾನ ಮಾಡಿದ್ದು ಹೌದು ಎಂದಳು. ಮರುದಿನ ನೂಲು ತರಲು ಹೋಗಲಿಲ್ಲ, ಅದಾದ ಮೇಲೆ ಆ ಶೆಡ್ಡಿಗೆ ಕಾಲಿಡಲೇ ಇಲ್ಲ ಎಂದಳು. ಪ್ರತಿಕೂಲ ಸಾಕ್ಷಿಯ ಹೇಳಿಕೆ ಪೂರ್ತಿ ಅಳಿಸಿಹೋಗುವುದಿಲ್ಲ, ನಂಬಲರ್ಹವಾದ ಭಾಗವನ್ನು ಬಳಸಬಹುದು ಎಂದು ಸುಪ್ರೀಂ ಕೋರ್ಟ್ 1970ರ ದಶಕದಲ್ಲೇ ಭಗವಾನ್ ಸಿಂಗ್ ಮತ್ತು ಸತ್ ಪಾಲ್ ಪ್ರಕರಣಗಳಲ್ಲಿ ಹೇಳಿತ್ತು. ಆ ನಾಲ್ಕು ಸಾಲುಗಳ ಬೆಲೆ ಅಂದು ಯಾರಿಗೂ ಕಾಣಲಿಲ್ಲ; ಮೇಲ್ಮನವಿಯಲ್ಲಿ ಕಂಡಿತು.

ಆಕೆಯ ಪಾಟೀಸವಾಲು ದೀರ್ಘವಾಗಿತ್ತು. ಬಾಕಿ ತೀರಿಸಲಾಗದೆ ಸುಳ್ಳು ದೂರು ಕೊಟ್ಟಿದ್ದೀರಿ ಎಂಬುದು ಪ್ರತಿವಾದದ ಮೂಲಸೂತ್ರ. ಮಾಲೀಕ ಅಂದು ಶೆಡ್ಡಿನಲ್ಲೇ ಇರಲಿಲ್ಲ ಎಂದೂ ಸೂಚಿಸಲಾಯಿತು. ಚಾರಿತ್ರ್ಯದ ಬಗ್ಗೆ ಕೇಳಿದ ಪ್ರಶ್ನೆಯೊಂದನ್ನು ನ್ಯಾಯಾಧೀಶರು ತಡೆದರು, ತಡೆದದ್ದನ್ನು ಬರೆಸಿದರು. ಒಂದು ಪ್ರಶ್ನೆಗೆ ಆಕೆ ಬಹಳ ಹೊತ್ತು ಉತ್ತರಿಸಲಿಲ್ಲ. ಆಗ ನ್ಯಾಯಾಧೀಶರು 280ನೇ ಕಲಮಿನ ಅಧಿಕಾರ ಬಳಸಿ, ಸಾಕ್ಷಿ ಅಳುತ್ತಿರುವುದರಿಂದ ನೀರು ಕೊಟ್ಟು ಸ್ವಲ್ಪ ಸಮಯ ನೀಡಲಾಯಿತು, ಬಳಿಕ ಸಾಕ್ಷಿ ಸ್ಪಷ್ಟವಾಗಿ ಉತ್ತರಿಸಿದಳು ಎಂದು ಹೇಳಿಕೆಯ ಅಂಚಿನಲ್ಲಿ ಟಿಪ್ಪಣಿ ಬರೆದರು.

ಇಬ್ಬರಿಗೂ ಹತ್ತು ವರ್ಷಗಳ ಕಠಿಣ ಶಿಕ್ಷೆಯಾಯಿತು. ತೀರ್ಪು ದೊಡ್ಡದಾಗಿತ್ತು, ಆದರೆ ಅದರ ಬಹುಭಾಗ ಸುಪ್ರೀಂ ಕೋರ್ಟಿನ ತೀರ್ಪುಗಳ ಉದ್ಧರಣೆ. ಆಕೆಯ ಸಾಕ್ಷ್ಯ ಯಾಕೆ ನಂಬಲರ್ಹ ಎಂಬ ಚರ್ಚೆ ಒಂದೂವರೆ ಪುಟ. ನ್ಯಾಯ ಸರಿಯಿದ್ದರೂ ಅದರ ಕಾರಣ ಕಾಗದದ ಮೇಲೆ ತೆಳುವಾಗಿದ್ದರೆ ಮೇಲ್ಮನವಿಯಲ್ಲಿ ಅದು ಆಕೆಯ ಹೆಗಲಿಗೆ ಬೀಳುವ ಭಾರ.

ಸಮಸ್ಯೆ

ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಮೇಲ್ಮನವಿಗಳು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತವೆ; ಪಕ್ಕದ ವಿಜಯಪುರದ್ದು ಕಲಬುರಗಿಗೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಪೀಠವಾದ ಧಾರವಾಡ ಪೀಠ ಇಲ್ಲದಿದ್ದರೆ ಆಕೆ ಬೆಂಗಳೂರಿಗೆ ಅಲೆಯಬೇಕಿತ್ತು.

ಶಿಕ್ಷೆ ಅಮಾನತು ಮಾಡಬೇಕೆಂಬ ಅರ್ಜಿಯೇ ಮೊದಲ ಮುನ್ಸೂಚನೆ ಕೊಟ್ಟಿತು. ಮಾಲೀಕನ ಅರ್ಜಿ ವಜಾ ಆಯಿತು, ಕೆಲಸಗಾರನಿಗೆ ಜಾಮೀನು ಸಿಕ್ಕಿತು. ಇಬ್ಬರ ವಿರುದ್ಧ ಇರುವ ಸಾಕ್ಷ್ಯ ಒಂದೇ ತೂಕದ್ದಲ್ಲ ಎಂದು ಪೀಠ ಆಗಲೇ ಗಮನಿಸಿತ್ತು.

ಮೇಲ್ಮನವಿಯ ಆಧಾರಗಳು ಇವು: ದೂರು ತಡವಾಗಿದೆ, ಗಾಯವಿಲ್ಲ, ಪ್ರಯೋಗಾಲಯದ ವರದಿ ಪೂರಕವಾಗಿಲ್ಲ, ಅತ್ತೆಯೇ ಬೆಂಬಲಿಸಿಲ್ಲ, ಜನವಸತಿಯ ಓಣಿಯಲ್ಲಿ ಹಾಡುಹಗಲೇ ಕೂಗು ಯಾರಿಗೂ ಕೇಳಿಸಿಲ್ಲ, ಆಕೆಯ ಮತ್ತು ಮಾಲೀಕನ ನಡುವೆ ತಿಂಗಳಲ್ಲಿ ಮೂವತ್ತಕ್ಕೂ ಹೆಚ್ಚು ಮೊಬೈಲ್ ಕರೆಗಳಿವೆ. ಈ ಕೊನೆಯ ಅಂಶದ ಮೇಲೆ ಹೊಸ ವಾದವೊಂದು ಬಂದಿತು. ಏನಾದರೂ ನಡೆದಿದ್ದರೆ ಅದು ಒಪ್ಪಿಗೆಯಿಂದಲೇ ನಡೆದಿರಬೇಕು ಎಂದು.

ಕಾನೂನಿನ ನೆಲೆ ಎಲ್ಲಿದೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಒಂದು ಸಂಗತಿಯನ್ನು ರುಜುವಾತು ಮಾಡಲು ಇಂತಿಷ್ಟೇ ಸಾಕ್ಷಿಗಳು ಬೇಕೆಂದು ಸಾಕ್ಷ್ಯ ಅಧಿನಿಯಮದ 134ನೇ ಕಲಂ ಕೇಳುವುದಿಲ್ಲ. ಹೊಸ ಸಾಕ್ಷ್ಯ ಅಧಿನಿಯಮದ 139ನೇ ಕಲಂ ಕೂಡ ಅಷ್ಟೇ. ಪೂರಕ ಸಾಕ್ಷ್ಯ ಬೇಕೆಂಬುದು ಕಾನೂನಿನ ನಿಯಮವಲ್ಲ, ಎಚ್ಚರಿಕೆಯ ಮಾತು, ಆ ಎಚ್ಚರ ನ್ಯಾಯಾಧೀಶರ ಮನಸ್ಸಿನಲ್ಲಿ ಇರಬೇಕು ಎಂದು 1952ರ ರಾಮೇಶ್ವರ್ ಪ್ರಕರಣ ಹೇಳಿತು. ಸಂತ್ರಸ್ತೆ ಅಪರಾಧದಲ್ಲಿ ಪಾಲುದಾರಳಲ್ಲ, ಆಕೆಯನ್ನು ಸಹಾಪರಾಧಿಯಂತೆ ಸಂಶಯದಿಂದ ನೋಡಬಾರದು ಎಂದು 1990ರ ಚಂದ್ರಪ್ರಕಾಶ್ ಕೇವಲಚಂದ್ ಜೈನ್ ತೀರ್ಪು ಸ್ಪಷ್ಟಪಡಿಸಿತು. 1996ರ ಗುರ್ಮಿತ್ ಸಿಂಗ್ ತೀರ್ಪು ಇನ್ನೂ ಮುಂದೆ ಹೋಗಿ, ಆಕೆಯ ಮಾತಿನ ಮೇಲೆ ಪೂರ್ತಿ ಭರವಸೆ ಇಡಲು ನ್ಯಾಯಾಲಯಕ್ಕೆ ಕಷ್ಟವೆನಿಸಿದರೆ ಹುಡುಕಬೇಕಾದದ್ದು ಆ ಮಾತಿಗೆ ಭರವಸೆ ತುಂಬುವ ಸಂಗತಿಗಳನ್ನು, ಪೂರಕ ಸಾಕ್ಷ್ಯದಷ್ಟು ಬಲದ ಇನ್ನೊಂದು ಪುರಾವೆಯನ್ನಲ್ಲ ಎಂದಿತು.

ನಾಣ್ಯದ ಇನ್ನೊಂದು ಮುಖವನ್ನು ನಮ್ಮಲ್ಲಿ ಅನೇಕರು ಹೇಳುವುದಿಲ್ಲ. ಆಕೆ ಹೇಳಿದ್ದೆಲ್ಲ ಸತ್ಯವೆಂದು ಮೊದಲೇ ಭಾವಿಸಲು ಬರುವುದಿಲ್ಲ, ಸುಳ್ಳು ಆರೋಪವೂ ಒಬ್ಬನ ಬಾಳನ್ನು ಹಾಳುಮಾಡುತ್ತದೆ ಎಂದು 2008ರ ರಾಜು ಪ್ರಕರಣ ಎಚ್ಚರಿಸಿತು. 2012ರ ರಾಯ್ ಸಂದೀಪ್ ಪ್ರಕರಣ, ಪೂರಕ ಸಾಕ್ಷ್ಯವಿಲ್ಲದೆ ನಂಬಬಹುದಾದ ಸಾಕ್ಷಿ ಹೇಗಿರಬೇಕು ಎಂದು ವಿವರಿಸಿತು: ಮೊದಲ ಹೇಳಿಕೆಯಿಂದ ನ್ಯಾಯಾಲಯದ ಹೇಳಿಕೆಯವರೆಗೆ ಮಾತು ಒಂದೇ ಆಗಿರಬೇಕು, ಎಷ್ಟೇ ದೀರ್ಘ ಪಾಟೀಸವಾಲಿಗೂ ಅಲುಗಾಡಬಾರದು, ಉಳಿದ ಸಂಗತಿಗಳೊಂದಿಗೆ ಹೊಂದಬೇಕು. ಆ ಪ್ರಕರಣದಲ್ಲಿ ಆರೋಪಿಗಳು ಖುಲಾಸೆಯಾದರು. 2020ರ ಸಂತೋಷ್ ಪ್ರಸಾದ್ ಪ್ರಕರಣದಲ್ಲೂ ಹಾಗೆಯೇ ಆಯಿತು. ಈ ಎರಡೂ ಸಾಲಿನ ತೀರ್ಪುಗಳು ಒಂದಕ್ಕೊಂದು ವಿರುದ್ಧವಲ್ಲ. ಸಂಖ್ಯೆ ಬೇಡ, ಗುಣ ಬೇಕು ಎಂಬ ಒಂದೇ ಮಾತಿನ ಎರಡು ಬದಿಗಳು. 1957ರ ವಡಿವೇಲು ತೇವರ್ ಪ್ರಕರಣ ಸಾಕ್ಷಿಗಳನ್ನು ಪೂರ್ತಿ ನಂಬಲರ್ಹರು, ಪೂರ್ತಿ ನಂಬಲಾಗದವರು, ನಡುವಿನವರು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದೂ ಈ ಅರ್ಥದಲ್ಲೇ.

ಮೇಲ್ಮನವಿಯ ವಿಶೇಷ ಕಷ್ಟವೆಂದರೆ, ಅಲ್ಲಿ ಸಾಕ್ಷಿ ಎದುರಿಗೆ ಇರುವುದಿಲ್ಲ. ಆಕೆಯ ದನಿ, ಮುಖ, ತಡವರಿಕೆ ಯಾವುದೂ ಇಲ್ಲ. ಮೊದಲ ಮೇಲ್ಮನವಿ ನ್ಯಾಯಾಲಯ ಇಡೀ ಸಾಕ್ಷ್ಯವನ್ನು ಹೊಸದಾಗಿ ಅಳೆಯಲೇಬೇಕು, ಆದರೆ ಅಳೆಯಲು ಇರುವುದು ಕಾಗದ ಮಾತ್ರ.

ಏನು ಮಾಡಿದೆವು

ನಮ್ಮ ಮೊದಲ ತೀರ್ಮಾನ, ಲಿಖಿತ ವಾದದಲ್ಲಿ ತೀರ್ಪುಗಳ ಸಂಖ್ಯೆ ಕಡಿಮೆ ಮಾಡಿ ಆಕೆಯ ಹೇಳಿಕೆಗಳನ್ನೇ ಮುಂದಿಡುವುದು. ಆಕೆ ಘಟನೆಯನ್ನು ನಾಲ್ಕು ಬಾರಿ ಹೇಳಿದ್ದಳು: ಸಂಜೆ ಅತ್ತೆಗೆ, ಮೂರನೆಯ ದಿನ ಠಾಣೆಯಲ್ಲಿ, ಒಂದು ವಾರದೊಳಗೆ ಮ್ಯಾಜಿಸ್ಟ್ರೇಟರ ಮುಂದೆ 164ನೇ ಕಲಮಿನಡಿ, ಸುಮಾರು ಎರಡು ವರ್ಷಗಳ ನಂತರ ನ್ಯಾಯಾಲಯದಲ್ಲಿ. ಮೊದಲನೆಯದನ್ನು ಅತ್ತೆ ನಿರಾಕರಿಸಿದ್ದರಿಂದ ಉಳಿದದ್ದು ಮೂರು. ಮೂರನ್ನೂ ಪಕ್ಕಪಕ್ಕದ ಅಂಕಣಗಳಲ್ಲಿ ಬರೆದು, ಒಂದೊಂದು ಸಂಗತಿಯನ್ನೂ ಎದುರುಬದುರು ಇಟ್ಟೆವು.

ಯಾರು, ಎಲ್ಲಿ, ಏನು ಮಾಡಿದ ಎಂಬುದು ಮೂರರಲ್ಲೂ ಒಂದೇ. ಊಟದ ಹೊತ್ತಿನ ನಂತರ, ಶಾಲೆ ಬಿಡುವ ಮೊದಲು ಎಂಬುದೂ ಒಂದೇ. ಕೆಳಗೆ ಬಿದ್ದ ಕಂಡಿಕೆಯ ಬುಟ್ಟಿ ಮೂರರಲ್ಲೂ ಇದೆ, ಮಗ್ಗದ ಸದ್ದು ಮೂರರಲ್ಲೂ ಇದೆ. ಗಡಿಯಾರದ ಸಮಯ ಮಾತ್ರ ಬೇರೆ: ಒಂದರಲ್ಲಿ ಎರಡು ಗಂಟೆ, ಇನ್ನೊಂದರಲ್ಲಿ ಮೂರೂವರೆ. ಕೋಣೆಯಲ್ಲಿ ದೀಪ ಉರಿಯುತ್ತಿತ್ತೇ ಎಂಬುದರಲ್ಲಿ ಗೊಂದಲವಿದೆ. ಸಾಕ್ಷಿಯ ನೆನಪು ಚಿತ್ರ ತೆಗೆದಿಟ್ಟಂತೆ ಇರುವುದಿಲ್ಲ, ಸಮಯದ ಬಗ್ಗೆ ಜನ ಹೇಳುವುದು ಅಂದಾಜು ಎಂದು 1983ರ ಭಾರವಾಡಾ ಭೋಗಿನ್‌ಭಾಯಿ ಪ್ರಕರಣ ವಿವರವಾಗಿ ಹೇಳಿದೆ. ಈ ವ್ಯತ್ಯಾಸಗಳನ್ನು ಮುಚ್ಚಿಡದೆ ನಾವೇ ಅಂಕಣದಲ್ಲಿ ತೋರಿಸಿದೆವು. ಎದುರು ಪಕ್ಷ ತೋರಿಸುವ ಮೊದಲೇ ತೋರಿಸಿದ ವ್ಯತ್ಯಾಸಕ್ಕೆ ಅರ್ಧ ವಿಷ ಇಳಿದಿರುತ್ತದೆ.

ಆ ಅಂಕಣಗಳು ನಮಗೇ ಒಂದು ಕಹಿ ಸಂಗತಿಯನ್ನೂ ತೋರಿಸಿದವು. ದೂರಿನಲ್ಲಿ ‘ಬಾಗಿಲು ಮುಚ್ಚಿತ್ತು’ ಎಂದಿದೆ. ಮ್ಯಾಜಿಸ್ಟ್ರೇಟರ ಮುಂದೆ ‘ಹೊರಗಿನಿಂದ ಚಿಲಕ ಹಾಕಿತ್ತು’ ಎಂದಿದೆ. ಎರಡನೇ ಆರೋಪಿಯೇ ಚಿಲಕ ಹಾಕಿದ, ಅವನ ದನಿ ಕೇಳಿಸಿತು ಎಂಬುದು ಮೊದಲ ಬಾರಿ ಬಂದದ್ದು ನ್ಯಾಯಾಲಯದಲ್ಲಿ.

ಕರೆಗಳ ಪ್ರಶ್ನೆಗೆ ಉತ್ತರ ಪ್ರತಿವಾದದ ಪಾಟೀಸವಾಲಿನಲ್ಲೇ ಇತ್ತು. ಕಂಡಿಕೆ ಸುತ್ತುವ ನೆರೆಮನೆಯ ಹೆಂಗಸೊಬ್ಬಳನ್ನು ಪ್ರತಿವಾದಿ ವಕೀಲರು ಕೆದಕಿದಾಗ, ನೂಲು ಬಂದಾಗಲೆಲ್ಲ ಮಾಲೀಕ ನಮಗೆಲ್ಲರಿಗೂ ಫೋನ್ ಮಾಡುತ್ತಾನೆ ಎಂದು ಆ ಹೆಂಗಸು ಹೇಳಿದ್ದಳು. ಒಪ್ಪಿಗೆಯ ವಾದಕ್ಕೆ ಅದಕ್ಕಿಂತ ದೊಡ್ಡ ತೊಡಕಿತ್ತು. ಸೆಷನ್ಸ್ ನ್ಯಾಯಾಲಯದಲ್ಲಿ ಒಪ್ಪಿಗೆಯಿತ್ತು ಎಂದು ಪಾಟೀಸವಾಲಿನಲ್ಲಿ ಸಂತ್ರಸ್ತೆಗೆ ಒಮ್ಮೆಯೂ ಸೂಚಿಸಿರಲಿಲ್ಲ; ಆರೋಪಿಯ ವಿವರಣೆ ಪಡೆಯುವ 313ನೇ ಕಲಮಿನ ಹೇಳಿಕೆಯಲ್ಲಿ ಮಾಲೀಕ ತಾನು ಅಲ್ಲಿ ಇರಲೇ ಇಲ್ಲ ಎಂದಿದ್ದ. ಅಲ್ಲಿ ಇರದಿದ್ದವನು ಒಪ್ಪಿಗೆ ಪಡೆದದ್ದು ಹೇಗೆ? ಆರೋಪಿ ಪರ್ಯಾಯ ವಾದ ಮಂಡಿಸಬಾರದು ಎಂದಲ್ಲ. ಆದರೆ ಉತ್ತರಿಸಲು ಆಕೆಗೆ ಅವಕಾಶವನ್ನೇ ಕೊಡದ ಆರೋಪವನ್ನು ಆಕೆಯ ಬೆನ್ನ ಹಿಂದೆ ಹೊರಿಸುವುದು ನ್ಯಾಯವಲ್ಲ ಎಂಬ ವಾದವನ್ನು ಪೀಠ ಒಪ್ಪಿತು.

ಲಾಗ್‌ಬುಕ್

ಅಂತಿಮ ವಾದ ಆರಂಭವಾಗುವ ಹೊತ್ತಿಗೆ ಮಾಲೀಕನ ಪರವಾಗಿ 391ನೇ ಕಲಮಿನಡಿ ಹೆಚ್ಚುವರಿ ಸಾಕ್ಷ್ಯದ ಅರ್ಜಿ ಬಂದಿತು. ಜೊತೆಗೆ ವಿದ್ಯುತ್ ಉಪಕೇಂದ್ರದ ಒಂದು ಪತ್ರ: ಆ ದಿನ ಮಧ್ಯಾಹ್ನ ಎರಡರಿಂದ ಐದರವರೆಗೆ ವಿದ್ಯುತ್ ಸರಬರಾಜು ನಿಂತಿತ್ತು. ವಿದ್ಯುತ್ ಇಲ್ಲವೆಂದರೆ ಮಗ್ಗ ಇಲ್ಲ, ಮಗ್ಗ ಇಲ್ಲವೆಂದರೆ ಸದ್ದು ಇಲ್ಲ, ಸದ್ದು ಇಲ್ಲವೆಂದರೆ ಕೂಗು ಓಣಿಗೆಲ್ಲ ಕೇಳಿಸಬೇಕಿತ್ತು. ಮೂರೂ ಹೇಳಿಕೆಗಳಲ್ಲಿ ಒಂದೇ ಸಮನೆ ಉಳಿದಿದ್ದ ಸಂಗತಿಯೇ ಸುಳ್ಳಾದರೆ ಆಕೆಯ ಉಳಿದ ಮಾತು ನಿಲ್ಲುವುದಿಲ್ಲ.

ಅರ್ಜಿಯನ್ನು ವಿರೋಧಿಸಬೇಕೆ, ಬೇಡವೆ? ಈ ಇಡೀ ಪ್ರಕರಣದಲ್ಲಿ ಅದಕ್ಕಿಂತ ಕಠಿಣ ತೀರ್ಮಾನ ಇರಲಿಲ್ಲ. ವಿರೋಧಿಸಲು ಬಲವಾದ ಕಾರಣಗಳಿದ್ದವು. ವಿಚಾರಣೆಯ ಕಾಲದಲ್ಲೇ ಸಿಗಬಹುದಾಗಿದ್ದ ದಾಖಲೆ, ತಡವಾಗಿ ಬಂದಿದೆ, ಕೊಟ್ಟವರನ್ನು ಪ್ರಶ್ನಿಸಿಲ್ಲ. ಪೀಠ ಅರ್ಜಿಯನ್ನು ತಿರಸ್ಕರಿಸುವ ಸಾಧ್ಯತೆಯೂ ಇತ್ತು. ಆದರೆ ತಿರಸ್ಕರಿಸಿದರೂ ಆ ಪತ್ರ ಹುಟ್ಟಿಸಿದ ಸಂಶಯ ಕಡತದಲ್ಲೇ ಉಳಿಯುತ್ತಿತ್ತು, ಮುಂದೆ ಸುಪ್ರೀಂ ಕೋರ್ಟಿನವರೆಗೂ ಬೆನ್ನು ಹತ್ತುತ್ತಿತ್ತು. ನಾನು ಆಕೆಗೆ ಫೋನ್ ಮಾಡಿ ಕೇಳಿದೆ.

“ಅಕ್ಕಾ, ಮಗ್ಗ ನಡೆಯುತ್ತಿದ್ದವು. ಯಾವ ಪುಸ್ತಕ ಬೇಕಾದರೂ ತರಿಸಿ ನೋಡಲಿ” ಎಂದಳು.

ಅಭಿಯೋಜಕರು ಮತ್ತು ನಾನು ಸೇರಿ ಅರ್ಜಿಯನ್ನು ವಿರೋಧಿಸದಿರಲು ತೀರ್ಮಾನಿಸಿದೆವು. ಬದಲಿಗೆ, ಪತ್ರ ಸಾಲದು, ಆ ತಿಂಗಳ ಮೂಲ ಲಾಗ್‌ಬುಕ್ ಪೂರ್ತಿ ಬರಲಿ, ಅದನ್ನು ನಿರ್ವಹಿಸಿದವರು ಸಾಕ್ಷ್ಯ ನುಡಿಯಲಿ, ನಮಗೆ ಪಾಟೀಸವಾಲಿನ ಅವಕಾಶವಿರಲಿ ಎಂದು ಕೇಳಿದೆವು. ಸಾಕ್ಷ್ಯ ದಾಖಲಿಸಿ ಕಳುಹಿಸುವಂತೆ ಪೀಠ ಸೆಷನ್ಸ್ ನ್ಯಾಯಾಲಯಕ್ಕೆ ನಿರ್ದೇಶಿಸಿತು. ಅದಕ್ಕೇ ಹಲವು ತಿಂಗಳು ಹಿಡಿದವು.

ಲಾಗ್‌ಬುಕ್ಕಿನಲ್ಲಿ ಆ ದಿನ ಎರಡರಿಂದ ಐದರವರೆಗೆ ಸರಬರಾಜು ನಿಲುಗಡೆಯ ನಮೂದು ಇತ್ತು. ಅದು ಪಂಪ್‌ಸೆಟ್‌ಗಳ ಫೀಡರಿನದು, ಅಂದರೆ ಉಪಕೇಂದ್ರದಿಂದ ಪಂಪ್‌ಸೆಟ್‌ಗಳಿಗೆ ಹೋಗುವ ವಿದ್ಯುತ್ ಮಾರ್ಗದ್ದು. ನಿರಂತರ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಹಳ್ಳಿಗಳ ನೀರಾವರಿ ಪಂಪ್‌ಸೆಟ್‌ಗಳಿಗೆ ಒಂದು, ಮನೆ ಮತ್ತು ಇತರ ಬಳಕೆಗೆ ಇನ್ನೊಂದು ಎಂದು ಫೀಡರ್‌ಗಳನ್ನು ಬೇರ್ಪಡಿಸಲಾಗಿದೆ ಎಂಬುದು ನಮ್ಮ ಭಾಗದ ರೈತರಿಗೆಲ್ಲ ಗೊತ್ತು. ಮಗ್ಗದ ಶೆಡ್ಡಿಗೆ ಹೋಗುವ ಫೀಡರಿನ ಪುಟದಲ್ಲಿ ಆ ಮಧ್ಯಾಹ್ನ ಯಾವ ನಿಲುಗಡೆಯೂ ಇರಲಿಲ್ಲ. ಪತ್ರ ಕೊಟ್ಟ ನೌಕರ, ಯಾವ ಫೀಡರ್ ಎಂದು ತನ್ನನ್ನು ಕೇಳಿರಲಿಲ್ಲ, ದಿನಾಂಕ ಮತ್ತು ಸಮಯ ಮಾತ್ರ ಕೇಳಿದ್ದರು ಎಂದು ಒಪ್ಪಿದ. ಆಕೆಯ ಮಾತನ್ನು ಮುರಿಯಲು ತಂದ ದಾಖಲೆಯೇ ಆಕೆಯ ಮಾತಿಗೆ ಭರವಸೆ ತುಂಬಿತು. ಆ ದಾಖಲೆ ಅತ್ಯಾಚಾರ ನಡೆಯಿತು ಎಂದು ಹೇಳುವುದಿಲ್ಲ. ಮಗ್ಗಗಳ ಸದ್ದಿತ್ತು ಎಂಬ ಆಕೆಯ ವಿವರಣೆ ನಂಬಲರ್ಹ ಎಂದು ಹೇಳುತ್ತದೆ. ಗುರ್ಮಿತ್ ಸಿಂಗ್ ತೀರ್ಪು ಹೇಳುವ ಭರವಸೆಯ ಸಂಗತಿ ಎಂದರೆ ಇದೇ.

ತೀರ್ಪು

ಮಾಲೀಕನ ಮೇಲ್ಮನವಿ ವಜಾ ಆಯಿತು. ಪೀಠ ಮೊದಲು ಸೆಷನ್ಸ್ ತೀರ್ಪಿನ ಕಾರಣಗಳು ಸಾಲವು ಎಂದು ಹೇಳಿ, ಸಾಕ್ಷ್ಯವನ್ನು ತಾನೇ ಮೊದಲಿನಿಂದ ಓದಿತು. ತಡವಾದದ್ದಕ್ಕೆ ಗಂಡ ಊರಲ್ಲಿ ಇಲ್ಲದಿರುವುದು, ಬಾಕಿಯ ಅಂಜಿಕೆ, ಮಾನದ ಅಂಜಿಕೆ ಸಾಕಾದ ವಿವರಣೆ ಎಂದಿತು. ಲೈಂಗಿಕ ಅಪರಾಧದ ದೂರು ತಡವಾಗುವುದನ್ನು ಸಮಾಜದ ಕಣ್ಣಿನ ಭಯದ ಬೆಳಕಿನಲ್ಲಿ ನೋಡಬೇಕೆಂದು ಕರ್ನಾಟಕದಿಂದಲೇ ಹೋದ 2000ದ ಮಂಜಣ್ಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಯವಿಲ್ಲದಿರುವ ಬಗ್ಗೆ ಪೀಠ ಹೆಚ್ಚು ಹೇಳಲಿಲ್ಲ. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆಯಿತ್ತೆಂದು ಭಾವಿಸಬಾರದು ಎಂದು 2013ರಿಂದ 375ನೇ ಕಲಮಿನಲ್ಲೇ ಬರೆದಿದೆ.

ಅತ್ತೆಯ ಆ ನಾಲ್ಕು ಸಾಲುಗಳನ್ನು ಪೀಠ ಎತ್ತಿ ಹೇಳಿತು. ಸುಳ್ಳು ದೂರು ಕಟ್ಟುವವಳು ಊಟ ಬಿಟ್ಟದ್ದನ್ನೂ ಅಕಾಲದಲ್ಲಿ ಸ್ನಾನ ಮಾಡಿದ್ದನ್ನೂ ದುಡಿಯುವ ಜಾಗವನ್ನೇ ತೊರೆದದ್ದನ್ನೂ ಆಕೆಯ ವಿರುದ್ಧ ನಿಂತ ಅತ್ತೆಯ ಬಾಯಿಂದ ಹೇಳಿಸಲು ಆಗುವುದಿಲ್ಲ. ಸೆಷನ್ಸ್ ನ್ಯಾಯಾಧೀಶರ ಅಂಚಿನ ಟಿಪ್ಪಣಿಯನ್ನು ಸಾಕ್ಷ್ಯವಾಗಿ ಅಲ್ಲ, ಆ ಮೌನಕ್ಕೆ ವಿವರಣೆಯಾಗಿ ಮಾತ್ರ ಬಳಸಿತು. ಆರೋಪಿ ಪರ ವಕೀಲರು ಉತ್ತರ ತೋಚದೆ ಸುಮ್ಮನಾದಳು ಎಂದು ವಾದಿಸಿದ್ದರು. ಟಿಪ್ಪಣಿ ಇಲ್ಲದಿದ್ದರೆ ಆ ಸಾಲಿಗೆ ಧಾರವಾಡದಲ್ಲಿ ಬೇರೆ ಅರ್ಥ ಇರುತ್ತಿರಲಿಲ್ಲ. 114ಎ ಕಲಮಿನ ಭಾವನೆಯನ್ನು ಅನ್ವಯಿಸಲು ಪೀಠ ಒಪ್ಪಲಿಲ್ಲ, ಏಕೆಂದರೆ ಆರೋಪ ಆ ಖಂಡದಡಿ ಇರಲಿಲ್ಲ. ಅದರ ನೆರವಿಲ್ಲದೆಯೇ ಆಕೆಯ ಮಾತು ನಿಲ್ಲುತ್ತದೆ ಎಂದಿತು.

ಕೆಲಸಗಾರ ಖುಲಾಸೆಯಾದ. ಒಂದು ಭಾಗ ಸಾಲದು ಎಂದ ಮಾತ್ರಕ್ಕೆ ಇಡೀ ಸಾಕ್ಷ್ಯವನ್ನು ತಳ್ಳಿಹಾಕುವ ನಿಯಮ ನಮ್ಮಲ್ಲಿಲ್ಲ. ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸುವುದು ನ್ಯಾಯಾಲಯದ ಕೆಲಸ. ಆದರೆ ಇಲ್ಲಿ ಬೇರ್ಪಟ್ಟದ್ದು ಜೊಳ್ಳು ಎಂದು ಪೀಠವೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆಕೆ ಸುಳ್ಳು ಹೇಳಿದಳು ಎಂಬ ಮಾತು ತೀರ್ಪಿನಲ್ಲಿ ಎಲ್ಲೂ ಇಲ್ಲ. ಮೊದಲ ಎರಡು ಹೇಳಿಕೆಗಳಲ್ಲಿ ಇಲ್ಲದ ಹೆಸರು ಮೂರನೆಯದರಲ್ಲಿ ಬಂದಾಗ, ಬೇರೆ ಆಧಾರವಿಲ್ಲದೆ ಅದರ ಮೇಲೆ ಒಬ್ಬನನ್ನು ಹತ್ತು ವರ್ಷ ಸೆರೆಮನೆಯಲ್ಲಿ ಇಡಲಾಗದು, ಸಂಶಯದ ಲಾಭ ಅವನಿಗೆ ಸಲ್ಲಬೇಕು ಎಂದಷ್ಟೇ ಹೇಳಿತು. ಕಾನೂನಿನ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನ ಎಂದು ನಾನು ನಂಬುತ್ತೇನೆ. ಹಾಗೆಂದು ಅದು ನನಗೆ ನೋವು ಕೊಡದೆ ಬಿಡಲಿಲ್ಲ.

ಆ ಹೆಸರು ಎಲ್ಲಿ ಬಿಟ್ಟುಹೋಯಿತು

ಪಾಟೀಸವಾಲಿನಲ್ಲಿ ಆಕೆಯನ್ನು, ಈ ಮಾತನ್ನು ಪೊಲೀಸರ ಮುಂದೆ ಹೇಳಿದ್ದೀರಾ ಎಂದು ಕೇಳಿದ್ದರು. “ಹೇಳಿದ್ದೆ, ಅವರು ಬರೆದುಕೊಳ್ಳಲಿಲ್ಲ” ಎಂದು ಉತ್ತರಿಸಿದ್ದಳು. ತನಿಖಾಧಿಕಾರಿಯನ್ನು ಕೇಳಿದಾಗ, ಆಕೆ ಹಾಗೆ ಹೇಳಿರಲಿಲ್ಲ ಎಂದರು. ಆದರೆ ದೂರು ಬರೆದುಕೊಂಡದ್ದು ತನಿಖಾಧಿಕಾರಿ ಅಲ್ಲ, ಠಾಣೆಯ ಮಹಿಳಾ ಸಿಬ್ಬಂದಿ. ಅವರನ್ನು ಸಾಕ್ಷಿಗಳ ಪಟ್ಟಿಯಲ್ಲೇ ಸೇರಿಸಿರಲಿಲ್ಲ. ಆಕೆ ಏನು ಹೇಳಿದಳು, ಕಾಗದಕ್ಕೆ ಏನು ಇಳಿಯಿತು ಎಂದು ಹೇಳಬಲ್ಲವರು ಅವರೊಬ್ಬರೇ ಆಗಿದ್ದರು. ದೂರು ಬರೆದುಕೊಂಡವರನ್ನು ಸಾಕ್ಷಿಯಾಗಿ ಹೆಸರಿಸಬೇಕೆಂದು ಈಗ ನಾನು ಪ್ರತಿ ಪ್ರಕರಣದಲ್ಲೂ ಹಟ ಹಿಡಿಯುತ್ತೇನೆ.

ಇನ್ನೊಂದು ಮಾತು ದೂರು ಬರೆಯುವವರಿಗೆ, ಸಂತ್ರಸ್ತೆಯರಿಗೆ ನೆರವಾಗುವ ಸಖಿ ಕೇಂದ್ರಗಳ ಸಿಬ್ಬಂದಿಗೆ, ಊರಲ್ಲಿ ಹೆಣ್ಣುಮಕ್ಕಳ ಜೊತೆ ಠಾಣೆಗೆ ಹೋಗುವ ಕಾರ್ಯಕರ್ತೆಯರಿಗೆ. ಘಟನೆಯ ಮುಖ್ಯ ಭಾಗ ಹೇಳಿ ಮುಗಿಸಿದ ಮೇಲೆ ಆಕೆ ದಣಿದಿರುತ್ತಾಳೆ, ಬರೆಯುವವರೂ ಪೆನ್ನು ಮುಚ್ಚುತ್ತಾರೆ. ಆಗ ನಿಧಾನವಾಗಿ ಇನ್ನಷ್ಟು ಕೇಳಬೇಕು: ಬಾಗಿಲು ಹೇಗಿತ್ತು, ಯಾರು ಮುಚ್ಚಿದರು, ಹೊರಗೆ ಯಾರಿದ್ದರು, ಏನು ಕೇಳಿಸಿತು, ಮನೆಗೆ ಬಂದ ಮೇಲೆ ಮೊದಲು ಯಾರಿಗೆ ಹೇಳಿದಿರಿ. ಉತ್ತರವನ್ನು ಬಾಯಿಗೆ ತುರುಕಬಾರದು. ಗೊತ್ತಿಲ್ಲ ಎಂದರೆ ಗೊತ್ತಿಲ್ಲ ಎಂದೇ ಬರೆಯಬೇಕು. ಬರೆದದ್ದನ್ನು ಓದಿ ಹೇಳಿದ ಮೇಲೆಯೇ ಸಹಿ ಮಾಡಿಸಬೇಕು. ಸಂತ್ರಸ್ತೆಯ ಹೇಳಿಕೆಯನ್ನು ಮೊಬೈಲ್ ಸೇರಿದಂತೆ ದೃಶ್ಯ-ಧ್ವನಿ ಸಾಧನಗಳಲ್ಲಿ ದಾಖಲಿಸಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಅವಕಾಶ ಕೊಡುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 161ನೇ ಕಲಮಿನಲ್ಲೂ ದೃಶ್ಯ-ಧ್ವನಿ ದಾಖಲೆಗೆ ಅವಕಾಶವಿತ್ತು. ಅದು ಅಂದು ಬಳಕೆಯಾಗಿದ್ದರೆ, ಆಕೆ ಹೇಳಿದ್ದಳೋ ಇಲ್ಲವೋ ಎಂಬುದಕ್ಕೆ ಉತ್ತರ ಇರುತ್ತಿತ್ತು. ಆ ಉತ್ತರ ಆಕೆಯ ವಿರುದ್ಧವಾಗಿಯೂ ಇರಬಹುದಿತ್ತು, ನಿಜ. ಕೆಲಸಗಾರ ನಿರಪರಾಧಿಯಾಗಿದ್ದರೆ ಅವನ ಹೆಸರಿನ ಕಳಂಕವೂ ಅದರಿಂದಲೇ ತೊಳೆದುಹೋಗುತ್ತಿತ್ತು.

ಸೆಷನ್ಸ್ ನ್ಯಾಯಾಲಯ ಇಬ್ಬರನ್ನೂ ಬಿಟ್ಟಿದ್ದರೆ ಹಾದಿ ಇನ್ನೂ ಕಡಿದಾಗಿರುತ್ತಿತ್ತು. ಖುಲಾಸೆಯಾದವನ ಬೆನ್ನಿಗೆ ನಿರಪರಾಧಿ ಎಂಬ ಭಾವನೆ ಇಮ್ಮಡಿಯಾಗಿ ನಿಲ್ಲುತ್ತದೆ, ಎರಡು ಅಭಿಪ್ರಾಯ ಸಾಧ್ಯವಿದ್ದರೆ ಖುಲಾಸೆಯನ್ನು ಕದಲಿಸಬಾರದು ಎಂದು 2007ರ ಚಂದ್ರಪ್ಪ ಪ್ರಕರಣ ಹೇಳುತ್ತದೆ. ಅಂಥ ಸಂದರ್ಭದಲ್ಲೂ ಸಂತ್ರಸ್ತೆ 372ನೇ ಕಲಮಿನಡಿ ತಾನೇ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ ನ್ಯಾಯಾಲಯದ ವಿಶೇಷ ಅನುಮತಿ ಬೇಕಿಲ್ಲ ಎಂದು 2018ರ ಮಲ್ಲಿಕಾರ್ಜುನ ಕೋಡಗಲಿ ತೀರ್ಪು ತಿಳಿಸಿದೆ. ಈ ಎರಡೂ ತೀರ್ಪುಗಳು ಕರ್ನಾಟಕದ ಪ್ರಕರಣಗಳಿಂದ ಹುಟ್ಟಿದವು.

ಕೆಲಸಗಾರನ ಖುಲಾಸೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಬೇಕೆ ಎಂದು ಆಕೆಯನ್ನು ಕೇಳಿದೆ. ಗೆಲ್ಲುವ ಸಾಧ್ಯತೆ ಕಡಿಮೆ ಎಂಬುದನ್ನೂ ಮುಚ್ಚಿಡಲಿಲ್ಲ. ಆಕೆ ಗಂಡನೊಂದಿಗೆ ಮಾತನಾಡಿ ಎರಡು ದಿನ ಬಿಟ್ಟು ಫೋನ್ ಮಾಡಿದಳು. “ಅವನು ಅಲ್ಲಿದ್ದದ್ದು ನನಗೆ ಗೊತ್ತು ಅಕ್ಕಾ. ಕಾಗದದಲ್ಲಿ ಬರಲಿಲ್ಲ ಎಂದರೆ ನಾನು ದಿಲ್ಲಿಗೆ ಹೋಗಿ ಮತ್ತೆ ಏನು ಹೇಳಲಿ?” ಎಂದಳು. ಮೇಲ್ಮನವಿ ಬೇಡವೆಂದು ನಿರ್ಧರಿಸಿದೆವು. ಉಳಿದದ್ದು 357ಎ ಕಲಮಿನ ಪರಿಹಾರ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮುಂದಿದ್ದ ಅರ್ಜಿಗೆ ಹೈಕೋರ್ಟ್ ತೀರ್ಪಿನ ಪ್ರತಿ ಸೇರಿಸಿ, ಮಂಜೂರಾದ ಮೊತ್ತ ಯಾರ ಮಧ್ಯಸ್ಥಿಕೆಯೂ ಇಲ್ಲದೆ ಆಕೆಯ ಸ್ವಂತ ಖಾತೆಗೇ ಜಮೆಯಾಗಬೇಕೆಂದು ಬರೆದುಕೊಟ್ಟೆವು.